ಬೆಟ್ಟ ಹತ್ತುವ ಮುನ್ನ ಬೆಟ್ಟದವರ ಮಾತು ಕೇಳಿ

ಕನ್ನಡದ ಯುವಕ ಯುವತಿಯರೇ,

ಬೆನ್ನಿಗೆ ಬ್ಯಾಗು ಏರಿಸಿ ಡಾರ್ಜಿಲಿಂಗ್ ಕಡೆ ಹೊರಡುತ್ತೀರಿ. 3,636 ಮೀಟರ್ ಎತ್ತರದ ಸಂದಕ್‌ಫು ಏರಿ, ಕಾಂಚನಜುಂಗಾ ನೋಡಿ ಮೈಮರೆಯುತ್ತೀರಿ. ಸಂತೋಷ! ಆದರೆ ಆ ಬೆಟ್ಟದ ಜನರ ಭಾಷೆ ಯಾವುದು, ಅವರ ಸಿಟ್ಟು ಯಾವುದು ಎಂದು ಹೊರಡುವ ಮುನ್ನ ಒಮ್ಮೆಯಾದರೂ ಕೇಳಿದ್ದೀರಾ?

2017ರ ಮೇ ತಿಂಗಳನ್ನು ನೆನಪಿಸಿಕೊಳ್ಳಿ. ರಾಜ್ಯದ ಎಲ್ಲ ಶಾಲೆಗಳಲ್ಲೂ ಬಂಗಾಳಿ ಕಡ್ಡಾಯ ಎಂದಿತು ಪಶ್ಚಿಮ ಬಂಗಾಳ ಸರ್ಕಾರ. ನೇಪಾಳಿ ಮಾತಾಡುವ ಬೆಟ್ಟದ ಜನ ಸಿಡಿದೆದ್ದರು. ಬೆಟ್ಟಕ್ಕೆ ಕಡ್ಡಾಯವಿಲ್ಲ ಎಂದು ಸರ್ಕಾರ ಹೇಳುವಷ್ಟರಲ್ಲಿ ಕಿಡಿ ಹತ್ತಿಯಾಗಿತ್ತು. ಜೂನ್ 8ರಂದು ಡಾರ್ಜಿಲಿಂಗಿನಲ್ಲಿ ಸಚಿವ ಸಂಪುಟ ಸೇರಿದ್ದಾಗಲೇ ಕಲ್ಲು ತೂರಾಟ ನಡೆಯಿತು, ವಾಹನಗಳು ಉರಿದವು, ಸೇನೆ ಬಂತು. ಪ್ರವಾಸಿಗರು ಸಿಕ್ಕ ಬಸ್ಸು ಹತ್ತಿ ಸಿಲಿಗುರಿಗೆ ಇಳಿದರು. ಗೂರ್ಖಾಲ್ಯಾಂಡ್ ಕೂಗು ಮತ್ತೆ ಎದ್ದಿತು. ಬಂದ್ ನಡೆದದ್ದು 104 ದಿನ! ಇಂಟರ್‌ನೆಟ್ಟೂ ತಿಂಗಳುಗಟ್ಟಲೆ ಸತ್ತಿತ್ತು.

1982ರ ಗೋಕಾಕ್ ಚಳವಳಿ ಕಂಡ ನಾಡಿನವರಿಗೆ ಈ ಕಿಚ್ಚನ್ನು ಯಾರೂ ವಿವರಿಸಬೇಕಿಲ್ಲ. ತಾಯ್ನುಡಿಗೆ ಪೆಟ್ಟು ಬಿದ್ದರೆ ಜನ ಬೀದಿಗೆ ಇಳಿಯುತ್ತಾರೆ. ಅಲ್ಲಿ ನಿಂತು "ನಾನು ದುಡ್ಡು ಕೊಟ್ಟು ಬಂದಿದ್ದೇನೆ, ದಾರಿ ಬಿಡಿ" ಎನ್ನುವವನು ಮೂರ್ಖ.

ಹಾಗಾದರೆ ಮಾಡಬೇಕಾದ್ದೇನು? ಹೋಗುವ ಊರಿನ ಸುದ್ದಿಯನ್ನು ಒಂದು ತಿಂಗಳ ಮೊದಲಿನಿಂದಲೇ ಓದಿ. ಸ್ಥಳೀಯ ಗೈಡ್ ಇಲ್ಲದೆ ಹೆಜ್ಜೆ ಇಡಬೇಡಿ. ದೆಹಲಿಯ ಟಿವಿಗೆ ತಿಳಿಯುವ ಮೊದಲೇ ನಾಳಿನ ಬಂದ್ ಅವನಿಗೆ ಗೊತ್ತಿರುತ್ತದೆ. "ಬಾಟೋ ಖುಲಾ ಛ?", ದಾರಿ ತೆರೆದಿದೆಯೇ ಎಂದು ಅವರ ನುಡಿಯಲ್ಲೇ ಕೇಳಲು ಕಲಿಯಿರಿ. ಕೈಯಲ್ಲಿ ನಗದು, ಕಾಗದದ ಮೇಲೆ ನಕ್ಷೆ ಮತ್ತು ಫೋನ್ ನಂಬರುಗಳು, ವಾಪಸು ಟಿಕೆಟ್ಟಿಗೆ ಎರಡು ದಿನ ಹೆಚ್ಚು ಬಿಡುವು ಇರಲಿ. ಮೆರವಣಿಗೆ ಕಂಡರೆ ಮೊಬೈಲು ಎತ್ತಬೇಡಿ. ಇಳಿಯಿರಿ ಎಂದು ಗೈಡ್ ಹೇಳಿದ ದಿನವೇ ಇಳಿಯಿರಿ. ಸಂದಕ್‌ಫು ಎಲ್ಲಿಗೂ ಓಡಿಹೋಗುವುದಿಲ್ಲ.

ಸುರಕ್ಷಿತವಾಗಿ ಮನೆಗೆ ಬಂದ ಮೇಲೆ ಅವರನ್ನು ಮರೆಯಬೇಡಿ. ನಮಗೆ ತಪ್ಪಿದ್ದು ಒಂದು ಚಾರಣ. ಗೈಡಿಗೆ, ಹೊರೆ ಹೊರುವವನಿಗೆ, ಚಹಾ ತೋಟದ ಹೆಣ್ಣುಮಗಳಿಗೆ ತಪ್ಪಿದ್ದು 104 ದಿನಗಳ ಅನ್ನ.

ಕೊನೆಯದಾಗಿ ಒಂದು ಮಾತು, ನಮ್ಮ ಮನೆಯದೇ. ನಾಳೆ ಕನ್ನಡಕ್ಕಾಗಿ ನಾವೇ ಬಂದ್ ಕರೆ ಕೊಟ್ಟಾಗ, ಮೆಜೆಸ್ಟಿಕ್ಕಿನಲ್ಲಿ ಕೂಸನ್ನೆತ್ತಿಕೊಂಡು ದಿಕ್ಕು ತೋಚದೆ ನಿಂತ ಪರಊರಿನವನು ಕಂಡರೆ, ಅವನಿಗೆ ನೀರು ಕೊಟ್ಟು ದಾರಿ ತೋರಿಸಿ. ಏಕೆ ಬಂದ್ ಎಂದು ಸಮಾಧಾನವಾಗಿ ತಿಳಿಸಿ. ಅತಿಥಿಯನ್ನು ಹೆದರಿಸಿ ಯಾವ ಭಾಷೆಯೂ ಬೆಳೆದಿಲ್ಲ. ಬೆಟ್ಟದಲ್ಲಿ ನಾವು ಬಯಸುವ ರಕ್ಷಣೆಯನ್ನು ನಮ್ಮ ಬೀದಿಯಲ್ಲಿ ಮೊದಲು ಕೊಡೋಣ.

ಸಿರಿಗನ್ನಡಂ ಗೆಲ್ಗೆ!