ಪೆಟ್ರಿಕೋರ್ ಅಂದರೆ ಮಣ್ಣಿನ ವಾಸನೆ

ಬೇಸಿಗೆ ಕಳೆದು ಮೊದಲ ಮಳೆ ಬಿದ್ದಾಗ ಏಳುವ ಮಣ್ಣಿನ ವಾಸನೆಯನ್ನು ನಮ್ಮ ಜತ್, ಅಕ್ಕಲಕೋಟ ಕಡೆಯ ಮಕ್ಕಳಿಗೆ ಯಾರೂ ಪರಿಚಯ ಮಾಡಿಕೊಡಬೇಕಾಗಿಲ್ಲ. ಆದರೂ ತರಗತಿಯಲ್ಲಿ ಅದರ ಮಾತು ಬಂದರೆ, "ಸರ್, ಇದಕ್ಕ ಇಂಗ್ಲಿಷ್‌ನ್ಯಾಗ ಏನಂತಾರ?" ಅಂತ ಯಾರಾದರೂ ಕೇಳೇ ಕೇಳ್ತಾರೆ. ಪೆಟ್ರಿಕೋರ್ ಅಂತಾರೆ. ಹೇಳಿದ ಕೂಡಲೇ ನೋಟ್‌ಬುಕ್ಕಿನಲ್ಲಿ ಬರೆದು ಅಡಿಗೆರೆ ಎಳೀತೀರಿ, ಪಾಠ ಮುಗಿದ ಹಾಗೆ. ನನ್ನ ತಕರಾರು ಇರೋದು ಅಲ್ಲೇ.

ಈ ಪದಕ್ಕೆ ವಯಸ್ಸೆಷ್ಟು ಗೊತ್ತಾ? ಆಸ್ಟ್ರೇಲಿಯಾದ ವಿಜ್ಞಾನಿಗಳಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ 1964ರಲ್ಲಿ ‘ನೇಚರ್’ ಪತ್ರಿಕೆಯ ಲೇಖನಕ್ಕಾಗಿ ಇದನ್ನು ಕಟ್ಟಿದರು. ಗ್ರೀಕ್ ಭಾಷೆಯಲ್ಲಿ ಪೆಟ್ರಾ ಅಂದರೆ ಕಲ್ಲು. ಇಕೋರ್ ಅಂದರೆ ಗ್ರೀಕ್ ಪುರಾಣದ ದೇವತೆಗಳ ಮೈಯಲ್ಲಿ ರಕ್ತದ ಬದಲು ಹರಿಯುವ ದ್ರವ. ಲಂಡನ್ನಿನ ಹುಡುಗನಿಗೂ ಇದು ಹೊರಗಿನ ಪದವೇ, ಅವನೂ ಅರ್ಥ ಕೇಳಿಯೇ ತಿಳೀಬೇಕು. ಅದಕ್ಕಿಂತ ಎಷ್ಟೋ ಮೊದಲಿಂದ ಉತ್ತರ ಪ್ರದೇಶದ ಕನೌಜಿನಲ್ಲಿ ಸುಟ್ಟ ಮಣ್ಣನ್ನು ಭಟ್ಟಿ ಇಳಿಸಿ, ಆ ವಾಸನೆಯನ್ನು ಗಂಧದೆಣ್ಣೆಯಲ್ಲಿ ಹಿಡಿದು ‘ಮಿಟ್ಟಿ ಅತ್ತರ್’ ಅಂತ ಮಾರುತ್ತಿದ್ದರು!

ಬೇರ್ ಮತ್ತು ಥಾಮಸ್ ಕಟ್ಟಿದ ಪದಕ್ಕಿಂತ ಅವರು ಮಾಡಿದ ಪ್ರಯೋಗ ನನಗೆ ಹೆಚ್ಚು ಇಷ್ಟ. ಒಣಗಿದ ಕಲ್ಲು, ಮಣ್ಣಿಗೆ ಹಬೆ ಹಾಯಿಸಿ ಹಳದಿ ಎಣ್ಣೆ ತೆಗೆದರು. ಒಣ ದಿನಗಳಲ್ಲಿ ನೆಲ ಹೀರಿಟ್ಟುಕೊಂಡ ಇಂಥ ಪದಾರ್ಥಗಳು ತೇವ ತಗುಲಿದಾಗ ಹೊರಗೆ ಬರುತ್ತವೆ. ಜೊತೆಗೆ ಮಣ್ಣಿನ ಬ್ಯಾಕ್ಟೀರಿಯಾಗಳು ತಯಾರಿಸುವ ಜಿಯೋಸ್ಮಿನ್ ಸೇರುತ್ತದೆ. ಹಸಿ ಬೀಟ್‌ರೂಟ್ ಮೂಸಿ ನೋಡಿ, ಅದರಲ್ಲೂ ಇರೋದು ಇದೇ. ವಾಸನೆ ಮೂಗಿನವರೆಗೆ ಬರೋದು ಹ್ಯಾಗೆ? 2015ರಲ್ಲಿ ಅಮೆರಿಕದ ಎಂಐಟಿ ಸಂಶೋಧಕರು ಅತಿವೇಗದ ಕ್ಯಾಮೆರಾ ಇಟ್ಟು ನೋಡಿದರು. ಹನಿ ಬಿದ್ದಾಗ ಅದರಡಿ ಗಾಳಿ ಸಿಕ್ಕಿಕೊಳ್ಳುತ್ತದೆ, ಗುಳ್ಳೆಯಾಗಿ ಮೇಲೇರಿ ಸೋಡಾದ ಹಾಗೆ ಒಡೆದು ಸಣ್ಣ ಕಣಗಳನ್ನು ಚಿಮ್ಮುತ್ತದೆ. ರಭಸದ ಮಳೆಗಿಂತ ಸಣ್ಣ ಮಳೆಯಲ್ಲಿ ಇದು ಹೆಚ್ಚು.

ಇಷ್ಟನ್ನೂ ಕನ್ನಡದಲ್ಲೇ ಹೇಳಿದೆ, ಎಲ್ಲಾದರೂ ತಡೀತಾ? ಪೆಟ್ರಿಕೋರ್‌ಗೆ ಬದಲಾಗಿ ನಾಲಿಗೆ ತಿರುಗದ ಸಂಸ್ಕೃತ ಪದ ಕಟ್ಟೋದೂ ನನಗೆ ಒಪ್ಪಿಗೆಯಿಲ್ಲ. ಪದ ಇರಲಿ, ಕಲೀರಿ. ಆದರೆ ಪದ ಮಾತ್ರ ಬರೆದವರಿಗೆ ನಾನು ಅರ್ಧ ಅಂಕ ಕೊಡ್ತೀನಿ. "ಮಣ್ಣಿನ ವಾಸನೆ" ಅಂತ ಬರೆದು ಹನಿ, ಗುಳ್ಳೆ, ಎಣ್ಣೆಯ ಕತೆ ಬಿಡಿಸಿ ಹೇಳಿದವರಿಗೆ ಪೂರ್ತಿ.

ಈ ಸಲ ಮೊದಲ ಮಳೆಗೆ ಮುಂಚೆ ಎರಡು ತಟ್ಟೆ ಇಡಿ, ಒಂದರಲ್ಲಿ ಒಣ ಎರೆಮಣ್ಣು, ಇನ್ನೊಂದರಲ್ಲಿ ಒಣ ಮರಳು. ಎರಡಕ್ಕೂ ನೀರು ಚಿಮುಕಿಸಿ. ಯಾವುದು ಹೆಚ್ಚು ಘಮ್ ಅಂತು, ಯಾಕಿರಬಹುದು, ನಿಮ್ಮ ಮನೆ ಮಾತಿನಲ್ಲೇ ಬರೆದು ತನ್ನಿ.