ನಂಬರು ಕೊಟ್ಟರಷ್ಟೇ ಕಾಗದ

ಮನೆಗೆ ಬಂದ ಕಾಗದವನ್ನು ಕೈಗೆ ಕೊಡುವ ಮುಂಚೆ ಅಂಚೆಯವನು, "ನಿಮ್ಮ ಫೋನ್ ನಂಬರು ಬರೆಸಿ, ಇಲ್ಲವಾದರೆ ಕಾಗದ ವಾಪಸು" ಎಂದರೆ ನಾವು ಸುಮ್ಮನಿರುತ್ತೇವೆಯೇ? ಪೋಸ್ಟ್ ಮಾಸ್ತರರ ತನಕ ಹೋಗಿ ಜಗಳ ತೆಗೆಯುತ್ತೇವೆ. ಇದೇ ಮಾತನ್ನು ಇ-ಮೇಲ್ ಕಂಪನಿಗಳು ಎಷ್ಟೋ ವರ್ಷಗಳಿಂದ ಹೇಳುತ್ತಿವೆ. ನಾವು ತುಟಿಪಿಟಕ್ಕೆನ್ನದೆ ಕೊಡುತ್ತಿದ್ದೇವೆ. ಮೊದಲು "ಇಷ್ಟವಿದ್ದರೆ ಕೊಡಿ" ಎಂದರು. ಬಳಿಕ ಪೆಟ್ಟಿಗೆ ತೆರೆದಾಗಲೆಲ್ಲ "ನಿಮ್ಮ ಭದ್ರತೆಗಾಗಿ" ಎಂದು ನೆನಪಿಸತೊಡಗಿದರು. ಅಲ್ಲಿ ಎಷ್ಟೋ ಸಲ "ಬೇಡ" ಎನ್ನುವ ಗುಂಡಿ ಇರುವುದಿಲ್ಲ, "ಆಮೇಲೆ" ಎನ್ನುವ ಗುಂಡಿ ಮಾತ್ರ. ಈಗ ಹೊಸ ಖಾತೆ ತೆರೆಯಹೋದವನಿಗೂ, ಹಳೆಯ ಖಾತೆಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆಯಹೋದವನಿಗೂ ಬಹಳ ಸಲ ಫೋನ್ ನಂಬರೇ ಹೆಬ್ಬಾಗಿಲು. ಪಾಸ್‌ವರ್ಡ್ ಸರಿಯಿದ್ದರೂ ಒಳಗೆ ಬಿಡುವುದಿಲ್ಲ. ಇದಕ್ಕೆ ಬಲವಂತ ಎಂದೇ ಹೆಸರು. ಈ ಬಲವಂತದ ಪೆಟ್ಟು ಗಡಿನಾಡಿನ ನಮ್ಮಂಥ ಮನೆಗಳಿಗೆ ಉಳಿದವರಿಗಿಂತ ಹೆಚ್ಚಾಗಿ ಬೀಳುತ್ತದೆ ಎಂಬುದು ನನ್ನ ವಾದ.

ನಾನು ಬರೆಯುತ್ತಿರುವುದು ಗೋರಂಟ್ಲದಿಂದ. ಕಾಸರಗೋಡಿನ ಓದುಗರಿಗೆ ಈ ಊರು ದೂರ. ಆಂಧ್ರದ ಹಿಂದೂಪುರದ ಸೀಮೆ. 2022ರ ಏಪ್ರಿಲ್‌ವರೆಗೆ ಅನಂತಪುರ ಜಿಲ್ಲೆ, ಆ ಬಳಿಕ ಶ್ರೀ ಸತ್ಯಸಾಯಿ ಜಿಲ್ಲೆ. ಆದರೆ ದೂರವಿರುವುದು ನಕ್ಷೆಯಲ್ಲಿ ಮಾತ್ರ. ಕಚೇರಿಗೆ ಹೋದರೆ ನಿಮಗೆ ಮಲಯಾಳ ಹೇಗೋ ನಮಗೆ ತೆಲುಗು ಹಾಗೆ. ನಿಮ್ಮ ಮಕ್ಕಳು ಓದಿಗೂ ಆಸ್ಪತ್ರೆಗೂ ಮಂಗಳೂರಿಗೆ ಹೋದಂತೆ ನಮ್ಮವರು ಬೆಂಗಳೂರಿಗೆ ಹೋಗುತ್ತಾರೆ. ಮನೆ ಒಂದು ರಾಜ್ಯದಲ್ಲಿ, ಅನ್ನ ಇನ್ನೊಂದು ರಾಜ್ಯದಲ್ಲಿ. ಇಂಥವರ ಫೋನ್ ನಂಬರಿನ ಕಥೆಯೇ ಬೇರೆ. ಅದನ್ನು ಹೇಳುವ ಮುಂಚೆ ಇ-ಮೇಲಿನ ಹಳೆಯ ಕಥೆಯನ್ನು ಸ್ವಲ್ಪ ನೋಡೋಣ.

ಬೆಂಗಳೂರಿನಲ್ಲಿ ಶಾಲೆ ಓದಿದ ಸಬೀರ್ ಭಾಟಿಯಾ ಮತ್ತು ಆತನ ಗೆಳೆಯ ಜ್ಯಾಕ್ ಸ್ಮಿತ್ ಅಮೆರಿಕದಲ್ಲಿ ಹಾಟ್‌ಮೇಲ್ ಆರಂಭಿಸಿದ್ದು 1996ರ ಜುಲೈ 4ರಂದು. ಅದು ಆ ದೇಶದ ಸ್ವಾತಂತ್ರ್ಯ ದಿನ. ಬೇಕೆಂದೇ ಆರಿಸಿಕೊಂಡ ದಿನ. ಅಲ್ಲಿಯವರೆಗೆ ಸಾಮಾನ್ಯ ಜನರಿಗೆ ಇ-ಮೇಲ್ ವಿಳಾಸ ಕೊಡುತ್ತಿದ್ದುದು ಹೆಚ್ಚಾಗಿ ಇಂಟರ್‌ನೆಟ್ ಸಂಪರ್ಕ ಕೊಡುವ ಕಂಪನಿಯೇ. ಕಂಪನಿಯನ್ನು ಬಿಟ್ಟರೆ ವಿಳಾಸವೂ ಹೋಯಿತು. ಆ ಸಂಕೋಲೆಯನ್ನು ಹಾಟ್‌ಮೇಲ್ ಕಳಚಿತು. ಯಾವ ಊರಿನ ಯಾವ ಕಂಪ್ಯೂಟರಿನ ಮುಂದೆ ಕುಳಿತರೂ ನಿನ್ನ ಪೆಟ್ಟಿಗೆ ನಿನ್ನದೇ ಎಂದಿತು. ಅದನ್ನು 1997ರ ಕೊನೆಗೆ ಮೈಕ್ರೋಸಾಫ್ಟ್ ಕೊಂಡಿತು. 2004ರ ಏಪ್ರಿಲ್ 1ರಂದು ಗೂಗಲ್‌ನವರ ಜಿಮೇಲ್ ಬಂತು. ನಮ್ಮ ಕಡೆಯ ಹುಡುಗರು ಬ್ರೌಸಿಂಗ್ ಸೆಂಟರಿನಲ್ಲಿ ಗಂಟೆಗಿಷ್ಟೆಂದು ಕಾಸು ತೆತ್ತು ಖಾತೆ ತೆರೆದ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಫೋನೇ ಇರಲಿಲ್ಲ. ವಿಳಾಸ ಮಾತ್ರ ಇತ್ತು. ಸಂಪರ್ಕದ ಕಂಪನಿಯಿಂದ ಬಿಡುಗಡೆ ಎಂದು ಹುಟ್ಟಿದ ಪುಕ್ಕಟೆ ಇ-ಮೇಲನ್ನು ಈಗ ಮತ್ತೆ ಸಂಪರ್ಕದ ಕಂಪನಿಯ ಗೂಟಕ್ಕೇ ಕಟ್ಟಿದ್ದಾರೆ. ಗೂಟದ ಹೆಸರು ಮಾತ್ರ ಬದಲಾಗಿದೆ. ಆಗ ಇಂಟರ್‌ನೆಟ್ ಕಂಪನಿ, ಈಗ ಮೊಬೈಲ್ ಕಂಪನಿ.

ಹಾಗಾದರೆ ಆ ಮೊಬೈಲ್ ನಂಬರು ಯಾರದು? ನಮ್ಮದೆಂದು ತಿಳಿದಿದ್ದೇವೆ. ವಾಸ್ತವವಾಗಿ ಅದು ಬಾಡಿಗೆ ಮನೆ. 2018ರ ಕೊನೆಗೆ ಖಾಸಗಿ ಕಂಪನಿಗಳು ಕನಿಷ್ಠ ರೀಚಾರ್ಜ್ ಎಂಬ ಪದ್ಧತಿ ತಂದವು. ಆಗ 28 ದಿನಕ್ಕೆ 35 ರೂಪಾಯಿ. ಆಮೇಲೆ ಏರುತ್ತ ಬಂದುದು ಎಲ್ಲರಿಗೂ ಗೊತ್ತು. ಬಾಡಿಗೆ ನಿಂತರೆ ಮೊದಲು ಕರೆ ನಿಲ್ಲುತ್ತದೆ, ಆಮೇಲೆ ನಂಬರೇ ಹೋಗುತ್ತದೆ. ಹೋದ ನಂಬರನ್ನು ಕನಿಷ್ಠ 90 ದಿನ ಕಳೆದ ಮೇಲೆ ಇನ್ನೊಬ್ಬರಿಗೆ ಕೊಡಬಹುದು. 2023ರ ನವೆಂಬರ್‌ನಲ್ಲಿ ಈ ವಿಷಯ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ತನ್ನ ಖಾಸಗಿತನ ಕಾಪಾಡಿಕೊಳ್ಳುವ ಎಚ್ಚರವನ್ನು ಹಳೆಯ ಚಂದಾದಾರನೇ ವಹಿಸಬೇಕು ಎಂದಿತು ಕೋರ್ಟು. ಅಂದಮೇಲೆ ಲೆಕ್ಕ ಸ್ಪಷ್ಟ. ಪುಕ್ಕಟೆ ಎನ್ನುವ ಇ-ಮೇಲನ್ನು ಉಳಿಸಿಕೊಳ್ಳಲು ತಿಂಗಳು ತಿಂಗಳು ಮೊಬೈಲ್ ಕಂಪನಿಗೆ ಬಾಡಿಗೆ ಕಟ್ಟಬೇಕು. ತಪ್ಪಿದರೆ ನಮ್ಮ ಪೆಟ್ಟಿಗೆಯ ಬೀಗದ ಕೈ ಯಾರೋ ಅಪರಿಚಿತನ ಜೇಬಿಗೆ ಬೀಳುತ್ತದೆ.

ಈ ಬಾಡಿಗೆ ಮನೆ ಗಡಿಯಲ್ಲಿ ಇನ್ನೂ ಬೇಗ ಬದಲಾಗುತ್ತದೆ. ರಾಜ್ಯ ಬದಲಿಸಿದರೂ ನಂಬರನ್ನು ಉಳಿಸಿಕೊಳ್ಳುವ ಸೌಲಭ್ಯ ದೇಶದಲ್ಲಿ ಬಂದದ್ದೇ 2015ರ ಜುಲೈ 3ರಂದು. ಅಲ್ಲಿಯವರೆಗೆ ಆಂಧ್ರದ ಸಿಮ್ ಹಾಕಿಕೊಂಡು ಬೆಂಗಳೂರಿನಲ್ಲಿ ದುಡಿಯುವವನು ರೋಮಿಂಗ್ ದಂಡ ತೆರಬೇಕಿತ್ತು. ಅದಕ್ಕೆ ಹೆದರಿ ಕರ್ನಾಟಕದ ಸಿಮ್ ಹಾಕಿಸುತ್ತಿದ್ದ, ಊರಿಗೆ ಮರಳಿದ ಮೇಲೆ ಅದನ್ನು ಎಸೆಯುತ್ತಿದ್ದ. ಮಂಜೇಶ್ವರದಿಂದ ಮಂಗಳೂರಿಗೆ ದಿನವೂ ಓಡಾಡಿದವರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ. ಆ ಕಾಲದಲ್ಲಿ ಕೊಟ್ಟ ನಂಬರುಗಳು ಎಷ್ಟೋ ಜನರ ಇ-ಮೇಲ್ ಖಾತೆಯಲ್ಲಿ ಇಂದಿಗೂ ಕುಳಿತಿವೆ. ಇನ್ನು ಒಂದೇ ಫೋನಿರುವ ಮನೆಗಳಲ್ಲಿ ಅಪ್ಪನ ನಂಬರೇ ಅವ್ವನಿಗೂ ಮಕ್ಕಳಿಗೂ. ಅಂಥ ಮನೆಯ ಮಗು ಖಾತೆ ತೆರೆಯಹೋದರೆ, ಈ ನಂಬರನ್ನು ಈಗಾಗಲೇ ಹಲವು ಸಲ ಬಳಸಲಾಗಿದೆ ಎಂಬ ಉತ್ತರ ಬರುವುದುಂಟು. ಒಬ್ಬರಿಗೊಂದು ಫೋನು ಇರುವ ಊರಿನಲ್ಲಿ ಕುಳಿತು ಮಾಡಿದ ನಿಯಮ ಇದು.

ನನಗೆ ಗೊತ್ತಿರುವ ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಕಡೆಯ ಒಬ್ಬ ಹುಡುಗಿ, ಕನ್ನಡ ಮಾಧ್ಯಮದಲ್ಲಿ ಓದಿದವಳು, ಬೆಂಗಳೂರಿನಲ್ಲಿರುವ ಸೋದರಮಾವನ ನಂಬರು ಕೊಟ್ಟು ಇ-ಮೇಲ್ ತೆರೆದಿದ್ದಳು. ಮಾವ ಕೆಲಸ ಬದಲಿಸಿದ, ಸಿಮ್ ಬಿಟ್ಟ. ಅಂಕಪಟ್ಟಿಯ ಪ್ರತಿಗಳು, ಅರ್ಜಿಯ ರಸೀತಿಗಳು ಎಲ್ಲ ಆ ಪೆಟ್ಟಿಗೆಯಲ್ಲೇ. ಕಾಲೇಜಿನ ಕಂಪ್ಯೂಟರಿನಲ್ಲಿ ತೆರೆಯಹೋದಾಗ ಸಂಕೇತಸಂಖ್ಯೆ ಹೋದದ್ದು ಯಾರದೋ ಫೋನಿಗೆ. ಪಾಸ್‌ವರ್ಡ್ ಅವಳಿಗೆ ಬಾಯಿಪಾಠವಾಗಿತ್ತು. ಆದರೂ ಅವಳು ಅವಳೇ ಎಂದು ಆ ಕಂಪನಿ ಒಪ್ಪಲಿಲ್ಲ. ಕೇಳೋಣವೆಂದರೆ ಯಾರನ್ನು ಕೇಳುವುದು? ಅರ್ಜಿಗಳ ಗಡುವು ಯಾರಿಗೂ ಕಾಯುವುದಿಲ್ಲ.

ಇಲ್ಲಿ ಯಾರಾದರೂ, "ನೀವು ಬ್ಯಾಂಕಿನವರೂ ನಂಬರು ಕೇಳುತ್ತೀರಲ್ಲ" ಎಂದು ನನ್ನ ಬಾಯಿ ಮುಚ್ಚಿಸಬಹುದು. ಕೇಳುತ್ತೇವೆ, ನಿಜ. ನಾನೇ ದಿನವೂ ಕೌಂಟರಿನಲ್ಲಿ ಕುಳಿತು ಆ ಫಾರಂ ತೆಗೆದುಕೊಳ್ಳುವವನು. ಆದರೆ ವ್ಯತ್ಯಾಸ ನೋಡಿ. ನಂಬರು ಕಳೆದುಕೊಂಡ ಖಾತೆದಾರರು ಪಾಸ್‌ಬುಕ್ಕು, ಗುರುತಿನ ಚೀಟಿ ಹಿಡಿದು ಶಾಖೆಗೆ ಬರುತ್ತಾರೆ. ಫಾರಂ ತುಂಬುತ್ತಾರೆ, ಸಹಿ ಹಾಕುತ್ತಾರೆ, ಸಹಿ ಬಾರದಿದ್ದರೆ ಹೆಬ್ಬೆಟ್ಟು ಒತ್ತುತ್ತಾರೆ. ಎದುರಿಗೆ ಒಬ್ಬ ಮನುಷ್ಯ ಇರುತ್ತಾನೆ. ಅವನು ತಡಮಾಡಿದರೆ ಮ್ಯಾನೇಜರು, ಮ್ಯಾನೇಜರ ಮೇಲೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್. ನಂಬರು ಹೋದರೆ ಹಣ ಹೋಗುವುದಿಲ್ಲ. ಅಲ್ಲದೆ ರಿಸರ್ವ್ ಬ್ಯಾಂಕು 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ನಿರ್ದೇಶನದಲ್ಲಿ, ಹಣ ಪಾವತಿಗೆ ಫೋನಿಗೆ ಬರುವ ಒಟಿಪಿಯೊಂದೇ ಗತಿ ಎನ್ನದೆ ಬೇರೆ ವಿಧಾನಗಳಿಗೂ ದಾರಿ ಬಿಟ್ಟಿದೆ. ಇ-ಮೇಲ್ ಕಂಪನಿಗೆ ಶಾಖೆಯಿಲ್ಲ, ಕೌಂಟರಿಲ್ಲ, ಪುಕ್ಕಟೆ ಖಾತೆಯವನ ಅಹವಾಲು ಕೇಳುವ ಗುಮಾಸ್ತನಿಲ್ಲ. ಬ್ಯಾಂಕಿನಷ್ಟೇ ಬಿಗಿಯಾದ ಬೀಗ ಹಾಕುವವನು ಬ್ಯಾಂಕಿನಷ್ಟೇ ಹೊಣೆಯನ್ನೂ ಹೊರಬೇಡವೇ?

"ಎಲ್ಲ ನಿಮ್ಮ ಭದ್ರತೆಗಾಗಿಯೇ" ಎಂಬುದು ಅವರ ದೊಡ್ಡ ವಾದ. ಅದನ್ನು ಸುಳ್ಳೆಂದು ನಾನು ತಳ್ಳಿಹಾಕುವುದಿಲ್ಲ. 2019ರಲ್ಲಿ ಗೂಗಲ್ ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ ಫೋನಿಗೆ ಬರುವ ಸಂಕೇತಸಂಖ್ಯೆಯು ಯಂತ್ರಗಳು ನಡೆಸುವ ದಾಳಿಯನ್ನು ನೂರಕ್ಕೆ 100, ಸಾಮೂಹಿಕ ವಂಚನೆಯ ಬಲೆಯನ್ನು 96, ಒಬ್ಬನನ್ನೇ ಗುರಿಯಿಟ್ಟ ದಾಳಿಯನ್ನು 76 ಪಾಲು ತಡೆಯಿತು. ಒಳ್ಳೆಯ ಅಂಕಗಳೇ. ಆದರೆ ಅದೇ ಅಧ್ಯಯನದಲ್ಲಿ, ಕಂಪ್ಯೂಟರಿಗೆ ಚುಚ್ಚುವ ಸಣ್ಣ ಭದ್ರತಾ ಕೀಲಿಗೆ ಮೂರು ವಿಷಯದಲ್ಲೂ 100. ಆ ಕೀಲಿಗೆ ಫೋನ್ ನಂಬರು ಬೇಡ. ಸಂಕೇತಸಂಖ್ಯೆಯನ್ನು ತಾನೇ ತಯಾರಿಸುವ ಆ್ಯಪ್‌ಗೂ ಬೇಡ. ಹಾಗಿದ್ದರೂ ಗೂಗಲ್‌ನ ಎರಡು ಹಂತದ ಬೀಗಕ್ಕೆ ಆ ಆ್ಯಪ್ ಹಚ್ಚಬೇಕಾದರೆ ಮೊದಲು ಫೋನ್ ನಂಬರು ಕೊಡಬೇಕೆಂಬ ಕಟ್ಟಳೆ 2024ರ ಮೇ ತಿಂಗಳವರೆಗೂ ಇತ್ತು. ಆಗ ಅದನ್ನು ತೆಗೆದರು. ತೆಗೆದ ಮೇಲೆ ಆಕಾಶವೇನೂ ಕಳಚಿ ಬೀಳಲಿಲ್ಲ. ನಂಬರಿಲ್ಲದೆಯೂ ಭದ್ರತೆ ಸಾಧ್ಯವೆಂದು ಅವರೇ ಒಪ್ಪಿದಂತಾಯಿತು.

ಕೊಟ್ಟ ನಂಬರು ಏನಾಯಿತು ಎಂಬುದನ್ನೂ ನೋಡಬೇಕು. ಇ-ಮೇಲ್‌ನವರಂತೆಯೇ ನಂಬರು ಕೇಳುತ್ತಿದ್ದ ಟ್ವಿಟರ್ ಕಂಪನಿಗೆ 2022ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ 15 ಕೋಟಿ ಡಾಲರ್ ದಂಡ ಬಿತ್ತು. ಭದ್ರತೆಗೆಂದು ಜನ ಕೊಟ್ಟ ಫೋನ್ ನಂಬರು, ಇ-ಮೇಲ್ ವಿಳಾಸಗಳನ್ನು 2013ರಿಂದ 2019ರವರೆಗೆ ಜಾಹೀರಾತು ಗುರಿಯಿಡಲು ಬಳಸಲು ಬಿಟ್ಟದ್ದು ಅದರ ಮೇಲಿದ್ದ ಆರೋಪ. ಫೇಸ್‌ಬುಕ್ಕಿಗೆ 2019ರಲ್ಲಿ ಹಾಕಿದ 500 ಕೋಟಿ ಡಾಲರ್ ದಂಡದ ಹಿಂದೆ ಹಲವು ದೂರುಗಳಿದ್ದವು. ಭದ್ರತೆಗೆ ಪಡೆದ ನಂಬರನ್ನು ಜಾಹೀರಾತಿಗೆ ಬಳಸಕೂಡದೆಂಬ ಷರತ್ತೂ ಆ ಆದೇಶದಲ್ಲಿ ಸೇರಿತು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಮೇಯದೆ ಉಳಿದದ್ದು ಕಳವಾಗುತ್ತದೆ. ಯಾಹೂ ಕಂಪನಿಯಲ್ಲಿ 2013ರಲ್ಲಿ ನಡೆದ ಕಳವಿಗೆ ಸಿಕ್ಕಿದ್ದು 300 ಕೋಟಿ ಖಾತೆಗಳು, ಅಂದರೆ ಆಗ ಇದ್ದ ಎಲ್ಲವೂ. ಕದ್ದ ವಿವರಗಳಲ್ಲಿ ಫೋನ್ ನಂಬರುಗಳೂ ಇದ್ದವು. ಮೂರನೇ ಒಂದರಷ್ಟು ಲೆಕ್ಕ 2016ರಲ್ಲಿ ಹೊರಬಿತ್ತು, ಪೂರ್ತಿ ಲೆಕ್ಕ 2017ರಲ್ಲಿ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಅದರಲ್ಲೂ ನಮ್ಮ ದೇಶದಲ್ಲಿ ಗುರುತಿನ ದಾಖಲೆಯಿಲ್ಲದೆ ಸಿಮ್ ಸಿಗುವುದಿಲ್ಲ. ಇಲ್ಲಿ ನಂಬರು ಕೊಡುವುದೆಂದರೆ ಮನುಷ್ಯನ ಬೇರನ್ನೇ ಹಿಡಿದುಕೊಟ್ಟಂತೆ.

ಈ ಬಗೆಯ ಬಲವಂತವನ್ನು ಪ್ರಶ್ನಿಸಿದವರು ಕನ್ನಡ ನಾಡಿನಲ್ಲೇ ಇದ್ದರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, 86ರ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅವರ ಹೆಸರಿನ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕು ಎಂದು ಒಕ್ಕೊರಲಿನಿಂದ ಸಾರಿದರು. 2018ರ ಸೆಪ್ಟೆಂಬರ್ 26ರ ತೀರ್ಪು ಆಧಾರ್ ಯೋಜನೆಯನ್ನು ಉಳಿಸಿದರೂ, ಬ್ಯಾಂಕ್ ಖಾತೆಗೂ ಮೊಬೈಲ್ ನಂಬರಿಗೂ ಆಧಾರ್ ಜೋಡಣೆ ಕಡ್ಡಾಯ ಎಂಬುದನ್ನು ಹೊಡೆದುಹಾಕಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಆ ತೀರ್ಪು ಇ-ಮೇಲ್ ಕಂಪನಿಗಳಿಗೆ ನೇರವಾಗಿ ಅನ್ವಯಿಸದು ಎಂಬುದನ್ನು ಬಲ್ಲೆ. ಆದರೆ ಅದರ ಹಿಂದಿನ ಪ್ರಶ್ನೆ ಅನ್ವಯಿಸುತ್ತದೆ: ಕೇಳುವ ಮಾಹಿತಿಗೂ ಮಾಡುವ ಕೆಲಸಕ್ಕೂ ಸಂಬಂಧವೇನು? ಸರಕಾರವೇ ಉತ್ತರಿಸಬೇಕಾದ ಈ ಪ್ರಶ್ನೆಗೆ ಒಂದು ಕಂಪನಿ ಉತ್ತರಿಸಬೇಕಾಗಿಲ್ಲವೇ? 2023ರ ಮೇ ತಿಂಗಳಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆಯು, ಬಿಲ್ಲು ಮಾಡುವಾಗ ಗಿರಾಕಿಯ ಮೊಬೈಲ್ ನಂಬರಿಗೆ ಹಟ ಹಿಡಿಯಬಾರದೆಂದು ಅಂಗಡಿಗಳಿಗೆ ಸೂಚಿಸಿತು. ದಿನಸಿ ಅಂಗಡಿಗೆ ಹೇಳಿದ ಬುದ್ಧಿಯನ್ನು ದೊಡ್ಡ ಕಂಪನಿಗೆ ಹೇಳಲು ಸಂಕೋಚವೇಕೆ?

2023ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ಡಿಜಿಟಲ್ ದತ್ತಾಂಶ ರಕ್ಷಣೆಯ ಕಾಯಿದೆಯ 6ನೇ ಕಲಮಿನಲ್ಲಿ ನಮ್ಮಂಥವರಿಗೆ ಬೇಕಾದ ಎರಡು ಮಾತುಗಳಿವೆ. ಒಂದು, ಒಪ್ಪಿಗೆ ಮುಕ್ತವಾಗಿರಬೇಕು, ಷರತ್ತಿಲ್ಲದೆ ಇರಬೇಕು, ಕೆಲಸಕ್ಕೆ ಅವಶ್ಯವಾದ ಮಾಹಿತಿಗಷ್ಟೇ ಸೀಮಿತವಾಗಿರಬೇಕು. ಇನ್ನೊಂದು, ಒಪ್ಪಿಗೆ ಕೇಳುವ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಅವಕಾಶವಿರಬೇಕು. ಇದು ರಾಜ್ಯದ ಗಡಿ ನೋಡಿ ಕೊಟ್ಟ ಅವಕಾಶವಲ್ಲ. ಗೋರಂಟ್ಲದಲ್ಲಿ ಕುಳಿತವನೂ ಕನ್ನಡದಲ್ಲಿ ಕೇಳಬಹುದು, ಕಾಸರಗೋಡಿನವನೂ ಕೇಳಬಹುದು, ಬೆಂಗಳೂರಿನ ಮಲಯಾಳಿ ಮಲಯಾಳದಲ್ಲಿ ಕೇಳಬಹುದು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ, ಈ ಕಲಮು ಜಾರಿಗೆ ಬರಲು ಹದಿನೆಂಟು ತಿಂಗಳ ಗಡುವು ಇಟ್ಟಿವೆ. ಕಾಯಿದೆಯ ಪುಸ್ತಕದಲ್ಲಿರುವ ಹಕ್ಕನ್ನು ಕೇಳುವವರಿಲ್ಲದಿದ್ದರೆ ಅದು ಪುಸ್ತಕದಲ್ಲೇ ಉಳಿಯುತ್ತದೆ ಎಂಬುದನ್ನು ಭಾಷಾ ಅಲ್ಪಸಂಖ್ಯಾತರಾದ ನಾವು ಯಾರಿಂದಲೂ ಕಲಿಯಬೇಕಾಗಿಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು ಇವು. ಫೋನ್ ನಂಬರು ಕೇಳುವಲ್ಲೆಲ್ಲ "ಕೊಡುವುದಿಲ್ಲ" ಎಂಬ ಗುಂಡಿಯೂ ಇರಲಿ, ಕೊಡದವನಿಗೆ ಆ್ಯಪ್, ಕೀಲಿ, ಇನ್ನೊಂದು ಇ-ಮೇಲ್ ಮುಂತಾದ ಬೇರೆ ದಾರಿಗಳು ಇರಲಿ. ನಂಬರು ಕಳೆದುಕೊಂಡವನ ಅಹವಾಲು ಕೇಳಲು ಅವನ ಭಾಷೆ ಬಲ್ಲ ಮನುಷ್ಯನೊಬ್ಬನಿರಲಿ. ಭದ್ರತೆಗೆ ಪಡೆದ ನಂಬರು ಭದ್ರತೆಗಲ್ಲದೆ ಬೇರಾವುದಕ್ಕೂ ಬಳಕೆಯಾಗದಿರಲಿ. ನಮ್ಮ ಕನ್ನಡ ಸಂಘಗಳು ನಾಡಹಬ್ಬದ ಸಭೆಗಳಲ್ಲಿ ಮಂಡಿಸುವ ನಿರ್ಣಯಗಳ ಸಾಲಿಗೆ ಇದನ್ನೂ ಸೇರಿಸಿ, ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯಕ್ಕೆ ಕಳಿಸಲಿ.

ಅಷ್ಟರೊಳಗೆ ಮನೆಯಲ್ಲಿ ಮಾಡಿಕೊಳ್ಳಬೇಕಾದದ್ದೂ ಇದೆ. ಇ-ಮೇಲ್ ಖಾತೆಯಲ್ಲಿ ಈಗ ಯಾವ ನಂಬರಿದೆ ಎಂದು ಇಂದೇ ನೋಡಿ. ಸತ್ತ ನಂಬರಿದ್ದರೆ ತೆಗೆಯಿರಿ. ಸಿಮ್ ಬಿಡುವ ಮುಂಚೆ ಅದನ್ನು ಎಲ್ಲ ಖಾತೆಗಳಿಂದ ಬಿಡಿಸಿ. ಎರಡು ಹಂತದ ಬೀಗ ಹಾಕಿದವರಿಗೆ ಕೊಡುವ ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದು, ಮನೆಯ ಪತ್ರಗಳ ಜೊತೆ ಪೆಟ್ಟಿಗೆಯಲ್ಲಿಡಿ. ಹೊಲದ ಪಹಣಿ, ಮಕ್ಕಳ ಅಂಕಪಟ್ಟಿಗಳಿರುವ ಜಾಗವೇ ಅದಕ್ಕೆ ಸರಿಯಾದ ಜಾಗ. "ಆಮೇಲೆ" ಎಂಬ ಗುಂಡಿ ಕಂಡಾಗ ಧೈರ್ಯವಾಗಿ ಒತ್ತಿ. ನಂಬರು ಕೊಡುವುದೂ ಬಿಡುವುದೂ ಆ ಕಾಗದ ಯಾರ ಹೆಸರಿಗೆ ಬಂದಿದೆಯೋ ಅವರ ಇಷ್ಟವಾಗಬೇಕು. ಅಲ್ಲಿಯವರೆಗೆ ಈ ಜಗಳ ಬಿಡತಕ್ಕದ್ದಲ್ಲ.