ಸೆಲೆನಿಯಂ ಹಿಡಿಯಲು ಕಬ್ಬಿಣವಷ್ಟೇ ಸಾಲದು

ನೀರಿನಲ್ಲಿ ಕರಗಿದ ಸೆಲೆನಿಯಂ ಬಹುಮಟ್ಟಿಗೆ ಎರಡು ರೂಪಗಳಲ್ಲಿ ಇರುತ್ತದೆ. ಒಂದು ಸೆಲೆನೈಟ್, ಇನ್ನೊಂದು ಸೆಲೆನೇಟ್. ಧಾತು ಒಂದೇ; ಸೆಲೆನೇಟ್‌ನಲ್ಲಿ ಆಮ್ಲಜನಕದ ಒಂದು ಪರಮಾಣು ಹೆಚ್ಚಿಗೆ ಇರುತ್ತದೆ, ಅಷ್ಟೇ. ಆದರೂ ಕಬ್ಬಿಣದ ಖನಿಜಗಳಿಂದ ನೀರನ್ನು ಶುದ್ಧಗೊಳಿಸುವ ಯೋಜನೆಯೊಂದು ಫಲಿಸುತ್ತದೋ ಇಲ್ಲವೋ ಎಂಬುದನ್ನು ಮುಖ್ಯವಾಗಿ ತೀರ್ಮಾನಿಸುವುದು ಈ ವ್ಯತ್ಯಾಸವೇ.

ಸೆಲೆನಿಯಂ ದೇಹಕ್ಕೆ ಬೇಕಾದ ಪೋಷಕಾಂಶವೂ ಹೌದು. ವಯಸ್ಕರಿಗೆ ದಿನಕ್ಕೆ ಸುಮಾರು 55 ಮೈಕ್ರೋಗ್ರಾಂ ಸಾಕು. ಅಮೆರಿಕದ ಪೋಷಣಾ ತಜ್ಞರು ಇಟ್ಟಿರುವ ಮೇಲ್ಮಿತಿ 400. ಬೇಕಾದುದಕ್ಕೂ ವಿಷಕ್ಕೂ ನಡುವೆ ಇಷ್ಟು ಕಡಿಮೆ ಅಂತರವಿರುವ ಪೋಷಕಾಂಶಗಳು ವಿರಳ. ಅತಿಯಾದರೆ ಕೂದಲು ಉದುರುತ್ತದೆ, ಉಗುರು ಪೆಡಸಾಗಿ ಮುರಿಯುತ್ತದೆ, ದನ ಎಮ್ಮೆಗಳ ಗೊರಸು ಬಿರಿಯುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಒಪ್ಪುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ 40, ಅಮೆರಿಕದ ಮಿತಿ 50. ಮೀನಿನ ಲೆಕ್ಕ ಬೇರೆ: ನಿಂತ ನೀರಿನ ಜಲಚರಗಳ ರಕ್ಷಣೆಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2016ರಲ್ಲಿ ಸೂಚಿಸಿದ ಮಟ್ಟ 1.5 ಮೈಕ್ರೋಗ್ರಾಂ. ಪಾಚಿಯಿಂದ ಹುಳುವಿಗೆ, ಹುಳುವಿನಿಂದ ಮೀನಿಗೆ, ಮೀನಿನಿಂದ ಹಕ್ಕಿಯ ಮೊಟ್ಟೆಗೆ ಅದು ಸಂಗ್ರಹವಾಗುತ್ತ ಹೋಗುವುದೇ ಇದಕ್ಕೆ ಕಾರಣ.

ಈ ಸಂಗ್ರಹದ ಪರಿಣಾಮವನ್ನು ಜಗತ್ತು ಕಣ್ಣಾರೆ ಕಂಡದ್ದು ಕ್ಯಾಲಿಫೋರ್ನಿಯಾದ ಕೆಸ್ಟರ್ಸನ್ ಜಲಾಶಯದಲ್ಲಿ. ಸ್ಯಾನ್ ವಾಕೀನ್ ಕಣಿವೆಯ ಹೊಲಗಳಿಂದ ಬಸಿದ ನೀರು ಕಾಲುವೆಯಲ್ಲಿ ಹರಿದು ಅಲ್ಲಿ ನಿಲ್ಲುತ್ತಿತ್ತು. ಹಳೆಯ ಸಮುದ್ರತಳದ ಜೇಡಿಶಿಲೆಯಿಂದ ಬಂದ ಮಣ್ಣಿನ ಸೆಲೆನಿಯಂ ಆ ನೀರಿನೊಂದಿಗೆ ಬಂದು ಸೇರಿತು. 1983ರಲ್ಲಿ ವನ್ಯಜೀವಿ ವಿಜ್ಞಾನಿಗಳಿಗೆ ಸಿಕ್ಕಿದ್ದು ಕಣ್ಣಿಲ್ಲದ, ಕೊಕ್ಕು ಸೊಟ್ಟಗಾದ, ಕಾಲು ರೂಪುಗೊಳ್ಳದ ಹಕ್ಕಿಮರಿಗಳು. ಮುಂದೆ ಕಾಲುವೆಯನ್ನು ಮುಚ್ಚಿ ಕೊಳಗಳಿಗೆ ಮಣ್ಣು ತುಂಬಿಸಲಾಯಿತು.

ಭಾರತದಲ್ಲಿ ಇದೇ ಬಗೆಯ ಸಂಕಟ ಪಂಜಾಬಿನ ನವಾಂಶಹರ (ಈಗಿನ ಶಹೀದ್ ಭಗತ್ ಸಿಂಗ್ ನಗರ) ಮತ್ತು ಹೋಶಿಯಾರ್‌ಪುರ ಜಿಲ್ಲೆಗಳ ಕೆಲವು ಹಳ್ಳಿಗಳದ್ದು. ಶಿವಾಲಿಕ್ ಬೆಟ್ಟಗಳಿಂದ ಇಳಿಯುವ ಮಳೆಗಾಲದ ತೊರೆಗಳು ತಂದು ಹಾಸಿದ ಮಣ್ಣಿನಲ್ಲಿ ಸೆಲೆನಿಯಂ ಇದೆ. ಭತ್ತಕ್ಕಾಗಿ ಕೊಳವೆಬಾವಿ ನೀರನ್ನು ಎಡೆಬಿಡದೆ ಹಾಯಿಸಿದಂತೆ, ನೀರು ಆವಿಯಾಗಿ ಸೆಲೆನಿಯಂ ಹೊಲದಲ್ಲೇ ಉಳಿಯುತ್ತದೆ. ಗೋಧಿ, ಸಾಸಿವೆ, ಮೇವಿನ ಮೂಲಕ ಜನ ಜಾನುವಾರುಗಳಿಗೆ ತಲುಪುತ್ತದೆ. ಕೆಲವು ಬಾವಿಗಳ ನೀರಿನಲ್ಲಿ ಅದು ಭಾರತೀಯ ಮಿತಿಯನ್ನು ಹಲವು ಪಟ್ಟು ಮೀರಿದೆ. ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಮಣ್ಣು ವಿಜ್ಞಾನಿಗಳು ದಶಕಗಳಿಂದ ಇದನ್ನು ದಾಖಲಿಸುತ್ತ ಬಂದಿದ್ದಾರೆ.

ಇಲ್ಲಿ ಕಬ್ಬಿಣ ಏನು ಮಾಡಬಲ್ಲದು? ನೀರಿಗೆ ಫೆರಿಕ್ ಲವಣ ಬೆರೆಸಿದರೆ ಫೆರಿಹೈಡ್ರೈಟ್ ಎಂಬ ಕಂದು ಖನಿಜ ನವಿರಾದ ಕಣಗಳಾಗಿ ಬೇರ್ಪಟ್ಟು ಬರುತ್ತದೆ. ಒಂದು ಗ್ರಾಂ ಕಣಗಳ ಒಟ್ಟು ಹೊರಮೈ 200 ಚದರ ಮೀಟರಿಗೂ ಹೆಚ್ಚು. ಸೆಲೆನೈಟ್ ಈ ಹೊರಮೈಯ ಕಬ್ಬಿಣದೊಂದಿಗೆ ನೇರ ರಾಸಾಯನಿಕ ಬಂಧ ಕಟ್ಟಿಕೊಳ್ಳುತ್ತದೆ, ವಿಶೇಷವಾಗಿ ನೀರು ತುಸು ಆಮ್ಲೀಯವಾಗಿದ್ದಾಗ. ಕಣಗಳನ್ನು ತಳಕ್ಕಿಳಿಸಿ ಸೋಸಿದರೆ ಸೆಲೆನೈಟ್ ಅವುಗಳ ಜೊತೆಗೇ ಹೋಗುತ್ತದೆ. ಅಗ್ಗದ, ಪರೀಕ್ಷೆಗೆ ಒಳಪಟ್ಟ ವಿಧಾನ ಇದು. ಆರ್ಸೆನಿಕ್ ತೆಗೆಯುವ ಕಬ್ಬಿಣದ ಫಿಲ್ಟರುಗಳ ಹಿಂದಿರುವ ತತ್ವವೂ ಇದೇ.

ತೊಡಕು ಸೆಲೆನೇಟ್‌ನದು. ಗಾಳಿಯಾಡುವ, ಕ್ಷಾರೀಯ ನೀರಿನಲ್ಲಿ ಮೇಲುಗೈ ಅದರದೇ. ಕೆಸ್ಟರ್ಸನ್‌ಗೆ ಹರಿದದ್ದೂ ಬಹುಪಾಲು ಸೆಲೆನೇಟ್. ಫೆರಿಹೈಡ್ರೈಟ್‌ಗೆ ಅದು ಸಡಿಲವಾಗಿ ಅಂಟುತ್ತದೆ. ನೀರಿನಲ್ಲಿ ಸಲ್ಫೇಟ್ ಇದ್ದರೆ ಅಂಟುವ ಜಾಗವೂ ಕೈತಪ್ಪುತ್ತದೆ. ಆಕಾರ, ವಿದ್ಯುದಂಶ ಎರಡರಲ್ಲೂ ಸಲ್ಫೇಟ್ ಮತ್ತು ಸೆಲೆನೇಟ್ ಹತ್ತಿರ ಹತ್ತಿರ, ಪ್ರಮಾಣದಲ್ಲಿ ಮಾತ್ರ ಸಲ್ಫೇಟ್ ಸಾವಿರಾರು ಪಟ್ಟು ಹೆಚ್ಚಿರಬಹುದು. ಗಮನಿಸಬೇಕಾದ ಸಂಗತಿಯೆಂದರೆ, ಇದೇ ಪೈಪೋಟಿ ಹೊಲದಲ್ಲಿ ರೈತನ ಪರವಾಗಿ ನಿಲ್ಲುತ್ತದೆ. ಜಿಪ್ಸಂ ಹಾಕಿದಾಗ ಅದರ ಸಲ್ಫೇಟ್ ಬೇರಿನ ಬಳಿ ಸೆಲೆನೇಟನ್ನು ಹಿಂದಕ್ಕೆ ತಳ್ಳಿ, ಬೆಳೆಗೆ ಸೇರುವ ಸೆಲೆನಿಯಂ ತಗ್ಗುತ್ತದೆ. ಹೊಲದಲ್ಲಿ ನೆರವಾಗುವ ಸಲ್ಫೇಟ್ ಫಿಲ್ಟರಿನಲ್ಲಿ ಶತ್ರು.

ಹಾಗಾಗಿ ಸೆಲೆನೇಟನ್ನು ಅಂಟಿಸಿಕೊಂಡರೆ ಸಾಲದು, ಅದಕ್ಕೆ ಎಲೆಕ್ಟ್ರಾನ್ ಕೊಟ್ಟು ರೂಪವನ್ನೇ ಬದಲಿಸಬೇಕು. ಆರು ಎಲೆಕ್ಟ್ರಾನ್ ಸಿಕ್ಕರೆ ಅದು ನೀರಿನಲ್ಲಿ ಕರಗದ ಧಾತುರೂಪಕ್ಕೆ ಬರುತ್ತದೆ. ಪೂರ್ತಿ ತುಕ್ಕಾದ, ಅಂದರೆ ಫೆರಿಕ್, ಕಬ್ಬಿಣದಲ್ಲಿ ಕೊಡಲು ಎಲೆಕ್ಟ್ರಾನ್ ಉಳಿದಿರುವುದಿಲ್ಲ. ಫೆರಸ್ ಕಬ್ಬಿಣವಿರುವ ಖನಿಜಗಳಲ್ಲಿ ಇರುತ್ತದೆ. ಅವುಗಳಲ್ಲಿ ಮುಖ್ಯವಾದುದು ‘ಹಸಿರು ತುಕ್ಕು’. ಫೆರಸ್ ಮತ್ತು ಫೆರಿಕ್ ಕಬ್ಬಿಣದ ಪದರಗಳ ನಡುವೆ ಸಲ್ಫೇಟ್ ಅಥವಾ ಕಾರ್ಬೊನೇಟ್ ಸೇರಿಕೊಂಡ ಖನಿಜ ಅದು. ಗಾಳಿ ತಾಗಿದರೆ ಬೇಗನೆ ಕೆಂಪಾಗಿ ಶಕ್ತಿ ಕಳೆದುಕೊಳ್ಳುತ್ತದೆ. ಅದು ಸೂಕ್ಷ್ಮಜೀವಿಗಳ ನೆರವಿಲ್ಲದೆಯೇ ಸೆಲೆನೇಟನ್ನು ಧಾತು ಸೆಲೆನಿಯಂ ಆಗಿಸುತ್ತದೆ ಎಂದು ಸತೀಶ್ ಮೈನೇನಿ ಮತ್ತು ಸಂಗಡಿಗರು 1997ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿದರು. ಲೋಹದ ಕಬ್ಬಿಣದ ಪುಡಿ ಬಳಸಿದಾಗಲೂ ಅದು ತುಕ್ಕು ಹಿಡಿಯುತ್ತ ಹಸಿರು ತುಕ್ಕನ್ನೂ ಮ್ಯಾಗ್ನೆಟೈಟನ್ನೂ ಹುಟ್ಟಿಸುತ್ತದೆ.

ಪ್ರಯೋಗಾಲಯದ ಈ ಗೆಲುವು ಹೊರಗೆ ಸುಲಭವಾಗಿ ಸಿಗುವುದಿಲ್ಲ. ನೀರಿನಲ್ಲಿ ಕರಗಿದ ಆಮ್ಲಜನಕ ಮತ್ತು ಗೊಬ್ಬರದಿಂದ ಬರುವ ನೈಟ್ರೇಟ್ ಸೆಲೆನೇಟ್‌ಗೆ ಮೀಸಲಾದ ಎಲೆಕ್ಟ್ರಾನುಗಳನ್ನು ಕಸಿಯುತ್ತವೆ. ನೈಟ್ರೇಟ್ ಅಮೋನಿಯಾ ಆಗಿ ಮಾರ್ಪಟ್ಟರೆ ಹೊಸ ತಲೆನೋವು. ಸ್ಯಾನ್ ವಾಕೀನ್ ಕಣಿವೆಯಲ್ಲಿ 1980ರ ದಶಕದಲ್ಲೇ ಕಬ್ಬಿಣದ ಚೂರುಗಳ ಹಾಸಿನ ಮೂಲಕ ನೀರು ಹಾಯಿಸಿ ನೋಡಲಾಗಿತ್ತು. ಹಾಸು ಗಟ್ಟಿಕಟ್ಟಿ ನೀರಿನ ಹಾದಿಯೇ ಮುಚ್ಚಿಹೋಯಿತು.

ರೂಪವನ್ನು ನೋಡದೆ ಒಟ್ಟು ಪ್ರಮಾಣವನ್ನಷ್ಟೇ ಅಳೆಯುವುದು ಎಷ್ಟು ಅಪಾಯಕಾರಿ ಎಂಬುದಕ್ಕೆ ಕೆನಡಾದ ಎಲ್ಕ್ ಕಣಿವೆ ಸಾಕ್ಷಿ. ಅಲ್ಲಿನ ಕಲ್ಲಿದ್ದಲು ಗಣಿಗಳ ಕಸಕಲ್ಲಿನಿಂದ ಸೆಲೆನಿಯಂ ನದಿಗೆ ಸೇರುತ್ತದೆ. ಇದಕ್ಕಾಗಿ 2021ರಲ್ಲಿ ಗಣಿ ನಡೆಸುತ್ತಿದ್ದ ಟೆಕ್ ಕೋಲ್ ಕಂಪನಿಗೆ 6 ಕೋಟಿ ಕೆನಡಾ ಡಾಲರ್ ದಂಡ ಬಿತ್ತು. ಅದಕ್ಕೂ ಮುಂಚೆ ಅಲ್ಲಿ ಕಟ್ಟಿದ್ದ ನೀರು ಶುದ್ಧೀಕರಣ ಘಟಕ ಬ್ಯಾಕ್ಟೀರಿಯಾ ಆಧಾರಿತ, ಕಬ್ಬಿಣದ್ದಲ್ಲ. ಒಟ್ಟು ಸೆಲೆನಿಯಂ ಇಳಿಯಿತು. ಆದರೆ ಹೊರಬಿದ್ದ ನೀರಿನಲ್ಲಿ ಉಳಿದ ಭಾಗ ಜೀವಿಗಳು ಇನ್ನೂ ಸಲೀಸಾಗಿ ಹೀರಿಕೊಳ್ಳುವ ರೂಪಕ್ಕೆ ತಿರುಗಿತ್ತು. ಅದನ್ನು ಸರಿಪಡಿಸಲು ಮತ್ತೊಂದು ಹಂತವನ್ನೇ ಸೇರಿಸಬೇಕಾಯಿತು.

ಪಂಜಾಬಿನ ಹೊಲಗಳಿಗೆ ಹಾಯುವ ನೀರನ್ನೆಲ್ಲ ಕಬ್ಬಿಣದಿಂದ ಸೋಸುವುದು ಆಗದ ಮಾತು. ಅಲ್ಲಿಗೆ ಭತ್ತ ಕಡಿಮೆ ಮಾಡುವುದು, ಜಿಪ್ಸಂ ಹಾಕುವುದೇ ದಾರಿ. ಕಬ್ಬಿಣದ ಖನಿಜಗಳಿಗೆ ಸರಿಯಾದ ಜಾಗ ಹಳ್ಳಿಯ ಕುಡಿಯುವ ನೀರು, ಗಣಿ ಮತ್ತು ಉಷ್ಣ ವಿದ್ಯುತ್ ಸ್ಥಾವರಗಳ ತ್ಯಾಜ್ಯನೀರು. ಆರ್‌ಒ ಘಟಕವೂ ಸೆಲೆನಿಯಂ ತೆಗೆಯುತ್ತದೆ ಎನ್ನುವುದು ನಿಜ. ಆದರೆ ಕರ್ನಾಟಕದ ಹಳ್ಳಿಗಳ ಶುದ್ಧ ನೀರಿನ ಘಟಕಗಳಲ್ಲಿ ಕಾಣುವಂತೆ, ಬೇರ್ಪಟ್ಟ ಕಲ್ಮಶವೆಲ್ಲ ಸಾಂದ್ರವಾಗಿ ಹೊರಬಿಡುವ ನೀರಿನಲ್ಲಿ ಉಳಿಯುತ್ತದೆ. ಕಬ್ಬಿಣ ಅದನ್ನು ಘನರೂಪದ ಗಸಿಯಾಗಿ ಕೈಗೆ ಕೊಡುತ್ತದೆ, ಅದೇ ಅದರ ಮೇಲ್ಮೆ.

ಆ ಗಸಿ ಬಯಲಲ್ಲಿ ಬಿದ್ದು ಗಾಳಿ ಮಳೆಗೆ ಒಡ್ಡಿಕೊಂಡರೆ ಸೆಲೆನಿಯಂ ಮತ್ತೆ ಉತ್ಕರ್ಷಣೆಗೊಂಡು ನೀರಿಗೆ ಇಳಿಯುತ್ತದೆ. ಆದ್ದರಿಂದ ಯಾವುದೇ ಸರ್ಕಾರ ಇಂಥ ಘಟಕಕ್ಕೆ ಹಣ ಕೊಡುವ ಮುನ್ನ ಮೂರು ದಾಖಲೆ ಕೇಳಬೇಕು: ನೀರಿನಲ್ಲಿ ಸೆಲೆನೈಟ್ ಎಷ್ಟು ಮತ್ತು ಸೆಲೆನೇಟ್ ಎಷ್ಟು, ಸಲ್ಫೇಟ್ ಹಾಗೂ ನೈಟ್ರೇಟ್ ಎಷ್ಟು, ಗಸಿಯನ್ನು ಎಲ್ಲಿ ಯಾರ ಹೊಣೆಯಲ್ಲಿ ಇಡಲಾಗುತ್ತದೆ. ಇವು ಇಲ್ಲದ ಘಟಕಕ್ಕೆ ಅನುಮತಿ ಕೊಡಬಾರದು.